ಹಡಗಿನ ಗಂಟೆ, ದಡದ ಗಂಟೆ

ಹಡಗಿನಿಂದ
ಜನವರಿ 19

ಗುಬ್ಬಿ,

ನೀನು ನಂಬುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನ ಹುಟ್ಟಿದ ದಿನ ಈ ವರ್ಷ ನಮ್ಮ ಹಡಗಿಗೆ ಬರಲೇ ಇಲ್ಲ. ಹನ್ನೊಂದನೇ ತಾರೀಖು ಮಲಗಿದೆವು, ಎದ್ದಾಗ ಹದಿಮೂರು. ಸಮುದ್ರದ ನಡುವೆ ಒಂದು ಗೆರೆ ಇದೆಯಂತೆ, ಕಣ್ಣಿಗೆ ಕಾಣುವಂಥದ್ದಲ್ಲ. ಅದನ್ನು ಪಶ್ಚಿಮಕ್ಕೆ ದಾಟಿದರೆ ಒಂದು ದಿನ ಖೋತಾ, ಪೂರ್ವಕ್ಕೆ ದಾಟಿದರೆ ಒಂದೇ ದಿನ ಎರಡು ಸಲ ಬರುತ್ತದೆ. ನಮ್ಮದು ಪಶ್ಚಿಮದ ದಾರಿ. ಖೋತಾ ಆಗುವ ಕಡೆಗೇ ನನ್ನ ಪಯಣ ಇರುವುದು ಹೊಸದೇನಲ್ಲ ಬಿಡು.

ನಾನು ನೋಡಿಕೊಳ್ಳುವ ಕೋಣೆಗಳಲ್ಲಿ ಒಂದರಲ್ಲಿ ಒಬ್ಬ ಮುದುಕರಿದ್ದಾರೆ. ಅವರು ಹುಟ್ಟಿದ್ದೂ ಅದೇ ಹನ್ನೆರಡನೇ ತಾರೀಖು. "ಈ ವರ್ಷ ನನಗೆ ವಯಸ್ಸೇ ಆಗಲಿಲ್ಲ" ಎಂದು ಊಟದ ಕೋಣೆಯಲ್ಲಿ ಎದ್ದು ಕುಣಿದರಂತೆ. ಬಾಣಸಿಗ ಅವರಿಗೆ ಹಿಂದಿನ ದಿನವೇ ಕೇಕು ಮಾಡಿಕೊಟ್ಟಿದ್ದ. ನನಗೂ ಹಾಗೆ ಹಿಂದಿನ ದಿನವೇ ನಿನಗೊಂದು ಕಾಗದ ಬರೆದು ಹಾಕುವ ಬುದ್ಧಿ ಬರಬಹುದಿತ್ತು. ಬರಲಿಲ್ಲ. ಕೆಲಸ ಮುಗಿಸಿ ಬಂಕಿನ ಮೇಲೆ ಬಿದ್ದರೆ ಬುದ್ಧಿ ನನಗಿಂತ ಮೊದಲು ಮಲಗಿರುತ್ತದೆ.

ಈ ಸಮುದ್ರ ದಾಟುವಾಗ ಎರಡು ದಿನಕ್ಕೊಮ್ಮೆಯಾದರೂ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಸಂಜೆ ಹಾಸಿಗೆ ಸರಿಮಾಡಿ ದಿಂಬಿನ ಮೇಲೆ ಒಂದು ಚೀಟಿ ಇಡುವುದು ನಮ್ಮ ಕೆಲಸ. "ಮಲಗುವ ಮುನ್ನ ನಿಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ" ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಪಡಸಾಲೆಯ ಗಡಿಯಾರಗಳನ್ನು ಯಾರೂ ಮುಟ್ಟಬೇಕಿಲ್ಲ. ಮೇಲೆ ಕ್ಯಾಪ್ಟನ್ ಕೋಣೆಯಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲದರ ಮುಳ್ಳುಗಳೂ ತಾವೇ ತಿರುಗುತ್ತವೆ. ಆ ದಿನ ಎಲ್ಲರಿಗೂ ಒಂದು ಗಂಟೆ ನಿದ್ದೆ ಲಾಭ. ಲಾಭವೆಲ್ಲ ಎಲ್ಲಿ ಹೋಗುತ್ತದೋ, ಬೆಳಗ್ಗೆ ಸೊಂಟಕ್ಕಂತೂ ಏನೂ ಸಿಕ್ಕಿರುವುದಿಲ್ಲ.

ತಡವಾಯಿತು, ಆದರೂ ಹಾರೈಸುತ್ತೇನೆ. ಚೆನ್ನಾಗಿರು. ಗುಂಡ ಈಗ ಓಡುತ್ತಾನಾ? ದೊಡ್ಡಮ್ಮನ ಮಂಡಿ ಹೇಗಿದೆ?

ನಿನ್ನ
ಅಮ್ಮ


ಮನೆಯಿಂದ
ಫೆಬ್ರವರಿ 11

ಅಮ್ಮ,

ಇಲ್ಲಿ ಎಲ್ಲರೂ ಇದ್ದೇವೆ. ಕ್ಷೇಮವೋ ಅಲ್ಲವೋ ಓದಿ ನೀನೇ ತೀರ್ಮಾನ ಮಾಡಿಕೋ.

ಇಷ್ಟು ವರ್ಷಗಳಲ್ಲಿ ನೀನು ಹೇಳಿದ ನೆಪಗಳಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿದೆ. ನನ್ನವರಿಗೆ ಓದಿ ಹೇಳಿದೆ. "ನಾಳೆ ನಾನೂ ಮ್ಯಾನೇಜರಿಗೆ ಇದನ್ನೇ ಹೇಳ್ತೀನಿ, ನಿನ್ನೆ ಅನ್ನೋ ದಿನ ನಮ್ಮ ಮನೆಗೆ ಬರಲೇ ಇಲ್ಲ ಸಾರ್ ಅಂತ" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲಿಫ್ಟ್ ರಿಪೇರಿ ಮಾಡುವವರಿಗೆ ಎಲ್ಲಾ ತಮಾಷೆ. ನನಗೆ ನಗು ಬರಲಿಲ್ಲ.

ಫೋನ್ ಬೇಡ, ಮಾತಾಡುವುದಿದ್ದರೆ ಕಾಗದ ಬರಿ ಎಂದು ನಾನು ಹೇಳಿದ್ದು ನಿನಗೆ ಇನ್ನೂ ಚುಚ್ಚುತ್ತಿದೆಯಂತೆ. ಅವಳಿಗೆ ಬರೆದಿದ್ದೆಯಂತೆ, ದೊಡ್ಡಮ್ಮ ಹೇಳಿದಳು. ಹಾಗಾದರೆ ಕಾರಣವನ್ನೂ ಕೇಳು. ಗುಂಡ ಹುಟ್ಟಿದ ಮರುದಿನ ನೀನು ಫೋನ್ ಮಾಡಿದಾಗ ನಾನು ಹೊಲಿಗೆಯ ನೋವಿನಲ್ಲಿ ಒದ್ದಾಡಿ ಆಗತಾನೇ ಕಣ್ಣು ಮುಚ್ಚಿದ್ದೆ. ನೀನು ಮೊದಲು ಕೇಳಿದ್ದೇನು ನೆನಪಿದೆಯಾ? "ಅಲ್ಲಿ ಈಗ ಎಷ್ಟು ಗಂಟೆ?" ಮಗು ಹೇಗಿದೆ ಅಂತಲ್ಲ, ನೀನು ಹೇಗಿದ್ದೀಯ ಅಂತಲ್ಲ. ಹದಿನೇಳು ವರ್ಷದಿಂದ ನಿನ್ನ ಮೊದಲ ಮಾತು ಅದೇ. ನಾನು ಏಳು ವರ್ಷದವಳಿದ್ದಾಗ ದೊಡ್ಡಮ್ಮ ಬೆರಳು ಮಡಿಸಿ ಲೆಕ್ಕ ಕಲಿಸಿದ್ದು ಅಮ್ಮನ ಗಂಟೆಗೆ ಎಷ್ಟು ಕೂಡಿಸಿದರೆ ನಮ್ಮ ಗಂಟೆಯಾಗುತ್ತದೆ ಎಂದು. ಅಂದಿನಿಂದ ಆ ಲೆಕ್ಕ ನನ್ನ ಪಾಲಿಗೇ ಬಂದಿದೆ. ನೀನು ಒಂದು ಸಲವಾದರೂ ಲೆಕ್ಕ ಹಾಕಿ ಫೋನ್ ಮಾಡಿದ್ದು ನನಗೆ ನೆನಪಿಲ್ಲ.

ಕಾಗದಕ್ಕೆ ಆ ರಗಳೆ ಇಲ್ಲ. ಬರೆಯುವಾಗ ನೀನು ಎಚ್ಚರವಾಗಿರುತ್ತೀಯ, ಓದುವಾಗ ನಾನು ಎಚ್ಚರವಾಗಿರುತ್ತೇನೆ.

ಕೆಲಸ ಹಾಗೇ ನಡೆದಿದೆ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಂಡವರ ಹಲ್ಲಿನ ಸೆಟ್ಟು ತಯಾರಿಸುತ್ತೇನೆ. ಎಲ್ಲರಿಗೂ ಮಲ್ಲಿಗೆಯಂಥ ಹಲ್ಲೇ ಬೇಕು. ಬಾಯಲ್ಲಿ ಉಳಿದಿರುವ ಹಲ್ಲಿನ ಬಣ್ಣಕ್ಕೆ ಹೊಂದಬೇಕಲ್ಲ ಎಂದರೆ ಸಿಟ್ಟಾಗುತ್ತಾರೆ. ಗುಂಡ ಓಡುತ್ತಾನೆ, ಬೀಳುತ್ತಾನೆ, ಎದ್ದು ಮತ್ತೆ ಅದೇ ಜಾಗದಲ್ಲಿ ಬೀಳುತ್ತಾನೆ. ಅವನ ಹಿಂದೆ ಓಡುವುದು ದೊಡ್ಡಮ್ಮನ ಕೈಲಿ ಆಗುತ್ತಿಲ್ಲ. ಅವಳ ಮಂಡಿ ಕೇಳಿದೆಯಲ್ಲ, ಅದು ಮುಗಿದ ಕಥೆ.

ನಿನ್ನ ಮಗಳು


ಹಡಗಿನಿಂದ
ಮಾರ್ಚ್ 8

ಗುಬ್ಬಿ,

ನಿನ್ನ ಕಾಗದ ಕಂಪನಿಯ ಕಚೇರಿಗೆ ಹೋಗಿ, ಅಲ್ಲಿಂದ ಎರಡು ಬಂದರು ಅಲೆದು ಕೈಗೆ ಸಿಕ್ಕಿತು. ಬೈದದ್ದು ಸರಿಯಾಗಿಯೇ ಇದೆ. ಬೈಸಿಕೊಳ್ಳುವುದಕ್ಕೂ ಪುಣ್ಯ ಬೇಕು ಅಂದುಕೊಂಡೆ.

ಈಗ ಪೂರ್ವಕ್ಕೆ ಹೊರಟಿದ್ದೇವೆ. ಹೋಗುವಾಗ ಸಿಕ್ಕ ಗಂಟೆಗಳನ್ನೆಲ್ಲ ವಾಪಸ್ಸು ಕಕ್ಕಬೇಕು. ಮೊದಲು ಆ ಗಂಟೆಯನ್ನು ರಾತ್ರಿ ಕೀಳುತ್ತಿದ್ದರು. ಪ್ರಯಾಣಿಕರು ನಿದ್ದೆಗೆಟ್ಟಿತೆಂದು ಗೊಣಗಿದರು. ಈಗ ನಡುಮಧ್ಯಾಹ್ನ ಕೀಳುತ್ತಾರೆ. ಹನ್ನೆರಡು ಹೊಡೆಯುತ್ತಿದ್ದ ಹಾಗೆ ಕ್ಯಾಪ್ಟನ್ ಮೈಕಿನಲ್ಲಿ "ಮಹನೀಯರೇ, ಈಗ ಒಂದು ಗಂಟೆ" ಎನ್ನುತ್ತಾನೆ. ಮೇಲಿನವರಿಗೆ ಕುರ್ಚಿಯಲ್ಲಿ ಒರಗಿದ್ದ ಒಂದು ಗಂಟೆ ಹೋಯಿತು, ಅಷ್ಟೆ. ನನಗೆ ಹೋದದ್ದು ಎಂಟು ಕೋಣೆಯ ಕೆಲಸದ ಗಂಟೆ. ಗಂಟೆ ಮಾಯವಾದ ಹಾಗೆ ಕೋಣೆಗಳು ಮಾಯವಾಗುವುದಿಲ್ಲ ನೋಡು. ಮೇಲ್ವಿಚಾರಕಿ ಬಂದು "ಇನ್ನೂ ಇಲ್ಲೇ ಇದೀಯಾ?" ಎಂದು ಕೇಳಿದಳು. "ನಾನು ಇಲ್ಲೇ ಇದೀನಿ, ಗಡಿಯಾರ ಓಡಿಹೋಯ್ತು" ಎಂದೆ. ಅವಳಿಗೂ ನಗು ಬಂತು, ಆದರೆ ನಗುವಷ್ಟು ಪುರುಸೊತ್ತು ಇರಲಿಲ್ಲ.

ಮೊನ್ನೆ ಒಂದು ಬಂದರಿನಲ್ಲಿ ಗಂಡ ಹೆಂಡತಿ ಇಬ್ಬರು ಹಿಂದೆ ಉಳಿದುಬಿಟ್ಟರು, ನನ್ನ ಕೋಣೆಯವರೇ. ಅವರ ಫೋನು ದಡಕ್ಕೆ ಇಳಿದ ತಕ್ಷಣ ದಡದ ಗಂಟೆ ಹಿಡಿದುಕೊಂಡಿದೆ. ಹಡಗು ಮಾತ್ರ ತನ್ನ ಗಂಟೆಯಲ್ಲೇ ಇತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಇಬ್ಬರೂ ಕೈಯಲ್ಲಿ ಚೀಲ ಹಿಡಿದು ಕಟ್ಟೆಯ ಮೇಲೆ ಓಡಿ ಬಂದರು. ಹಗ್ಗ ಬಿಚ್ಚಿಯಾಗಿತ್ತು. ಮೇಲೆ ಕಂಬಿಗೆ ಒರಗಿ ನಿಂತಿದ್ದವರು ಚಪ್ಪಾಳೆ ತಟ್ಟಿ ನಕ್ಕರು. ಅದಕ್ಕೆ ಮುಂಚೆ ಕಾವಲಿನವರು ನನ್ನನ್ನು ಕರೆದು ಅವರ ಕೋಣೆ ತೆರೆಸಿ, ಪಾಸ್‌ಪೋರ್ಟು ಹುಡುಕಿ, ದಡದ ಏಜೆಂಟನ ಕೈಗೆ ಕೊಟ್ಟುಬಂದಿದ್ದರು. ಅಂದರೆ ಅವರನ್ನು ಬಿಟ್ಟು ಹೋಗುತ್ತೇವೆ ಎಂದು ಅವರಿಗಿಂತ ಮುಂಚೆ ನನಗೆ ಗೊತ್ತಿತ್ತು. ಹಡಗಿನಲ್ಲಿ ಇರುವವರಿಗೆ ಹಡಗಿನ ಗಂಟೆಯೇ ಗಂಟೆ. ನಾವೆಲ್ಲ ಮಾತಾಡುವುದೂ ಅದರಲ್ಲೇ, ಉಣ್ಣುವುದೂ ಅದರಲ್ಲೇ.

ಈಗ ವಿಷಯಕ್ಕೆ ಬರುತ್ತೇನೆ. ಮೇ ಹದಿನೇಳಕ್ಕೆ ನಮ್ಮ ಹಡಗು ನಿಮ್ಮ ಊರಿನ ಬಂದರಿಗೆ ಬರುತ್ತದೆ. ಹೊಸ ದಾರಿ, ಒಂದೇ ಹಗಲು ನಿಲ್ಲುತ್ತದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ ಎನ್ನುತ್ತಾರೆ, ನನ್ನದು ಉಲ್ಟಾ. ನೀರಲ್ಲೇ ಇದ್ದವಳು ಕಡೆಗೂ ಊರಿಗೆ ಬರುತ್ತಿದ್ದೇನೆ.

ಅದೇ ದಿನ ಸಂಜೆಯೊಳಗೆ ನಾನು ಇನ್ನೊಂದು ಅವಧಿಗೆ ಸಹಿ ಹಾಕುತ್ತೇನೋ ಇಲ್ಲವೋ ಹೇಳಬೇಕು. ನನಗೆ ಸಾಕಾಗಿದೆ, ಗುಬ್ಬಿ. ಸಾಕು ಎಂದು ಹಿಂದೆಯೂ ಹೇಳಿದ್ದೆ, ಆಗ ಬಾಯಿ ಹೇಳುತ್ತಿತ್ತು, ಈಗ ಮೂಳೆ ಹೇಳುತ್ತಿದೆ. ಆದರೆ ಇಳಿದು ಎಲ್ಲಿಗೆ ಬರಲಿ? ನಿನ್ನ ಮನೆಯಲ್ಲಿ ನನಗೆ ಜಾಗ ಇದೆಯಾ? ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ. ಮುಖ ನೋಡಿ ಹೇಳು. ಬೇಡ ಎನ್ನುವುದಿದ್ದರೂ ಮುಖ ನೋಡಿಯೇ ಹೇಳು.

ನಿನ್ನ
ಅಮ್ಮ


ಹಡಗಿನಿಂದ
ಮಾರ್ಚ್ 30

ಗುಬ್ಬಿ,

ನಿನ್ನ ಕಾಗದ ಬಂದಿಲ್ಲ. ದಾರಿಯಲ್ಲಿರಬಹುದು, ಇಲ್ಲದೆಯೂ ಇರಬಹುದು.

ಮೇಲಿನವರನ್ನು ವಿಚಾರಿಸಿದೆ. ನಿಮ್ಮ ಊರಿನಲ್ಲಿ ನಿಂತಾಗ ಹಡಗಿನ ಗಡಿಯಾರ ಬದಲಿಸುವುದಿಲ್ಲವಂತೆ. ಒಂದು ಹಗಲಿಗಾಗಿ ಮುಂದೆ ತಳ್ಳಿ, ರಾತ್ರಿ ಮತ್ತೆ ಹಿಂದೆ ಎಳೆಯುವುದು ಯಾರಿಗೆ ಬೇಕು ಎಂದು ಹಾಗೇ ಬಿಡುತ್ತಾರೆ. ಹಾಗಾಗಿ ನಾವು ನಿಮಗಿಂತ ಒಂದು ಗಂಟೆ ಹಿಂದೆ ಇರುತ್ತೇವೆ. ನಿನಗೆ ತಿಳಿದಿರಲಿ ಎಂದು ಬರೆದೆ. ನೆಂಟರನ್ನು ಹಡಗಿನೊಳಗೆ ಬಿಡುವುದಿಲ್ಲ. ನಾನೇ ಗೇಟಿಗೆ ಬರಬೇಕು. ಎಷ್ಟು ಹೊತ್ತು ಬಿಡುತ್ತಾರೋ ಕೇಳಿ ತಿಳಿಸುತ್ತೇನೆ.

ಗುಂಡನಿಗೊಂದು ಸ್ವೆಟರ್ ಹೆಣೆಯುತ್ತಿದ್ದೇನೆ. ಶುರು ಮಾಡಿದಾಗ ಅವನಿಗೆ ಆರು ತಿಂಗಳು. ಬಿಚ್ಚಿ ಬಿಚ್ಚಿ ದೊಡ್ಡದು ಮಾಡುತ್ತಿದ್ದೇನೆ, ಅವನು ನನ್ನ ಕೈಗಿಂತ ಬೇಗ ಬೆಳೆಯುತ್ತಿದ್ದಾನೆ.

ಅಮ್ಮ


ಮನೆಯಿಂದ
ಏಪ್ರಿಲ್ 14

ಅಮ್ಮ,

ಎರಡೂ ಕಾಗದ ಬಂದಿವೆ. ಉತ್ತರ ಬರೆಯಬೇಡ ಎಂದೆಯಲ್ಲ, ಅದಕ್ಕೇ ಬರೆಯಲಿಲ್ಲ.

ಬರುತ್ತೇನೆ. ಗುಂಡನನ್ನೂ ಕರೆತರುತ್ತೇನೆ. ಗೇಟು ಯಾವುದು, ಹೊತ್ತು ಯಾವುದು ತಿಳಿಸು. ಮನೆಯಿಂದ ಬಂದರಿಗೆ ಎರಡು ಬಸ್ಸು ಬದಲಿಸಬೇಕು, ಆಸ್ಪತ್ರೆಯಲ್ಲಿ ಅರ್ಧ ದಿನ ರಜೆ ಕೇಳಬೇಕು.

ದೊಡ್ಡಮ್ಮ ಈಗಲೇ ಹಿತ್ತಲಿನ ಕೋಣೆ ಗುಡಿಸಿ, ಹಳೆ ಮಂಚ ಒರೆಸಿ ಇಟ್ಟಿದ್ದಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ ಎಂದೆ. ಅವಳಿಗೆ ಸಿಟ್ಟು ಬಂತು. ನನ್ನವರು ಮಾತ್ರ "ನಿನ್ನ ತಾಯಿ, ನಿನ್ನ ತೀರ್ಮಾನ" ಎಂದು ಪಾರಾಗಿದ್ದಾರೆ.

ನಿನ್ನ ಮಗಳು


ಹಡಗಿನಿಂದ
ಏಪ್ರಿಲ್ 29

ಗುಬ್ಬಿ,

ಬಾಯಲ್ಲಿ ಬೈದರೂ ಬರುತ್ತೇನೆ ಎಂದೆಯಲ್ಲ, ಸಾಕು.

ಎರಡನೇ ಗೇಟು. ಹೊರಗೆ ಕಾವಲುಗಾರನ ಗೂಡಿನ ಪಕ್ಕ ಒಂದು ಬೆಂಚು ಇದೆಯಂತೆ. ಹನ್ನೆರಡರಿಂದ ಒಂದು ಗಂಟೆಯವರೆಗೆ ನಾನು ಅಲ್ಲಿರುತ್ತೇನೆ. ಅದಕ್ಕಿಂತ ಹೆಚ್ಚು ಬಿಡಲಾರರು, ಆ ದಿನ ಅರ್ಧ ಕೋಣೆಗಳಿಗೆ ಹೊಸಬರು ಬರುತ್ತಾರೆ. ವಾಪಸ್ಸು ಒಳಗೆ ಬರುವಾಗ ತಪಾಸಣೆಯ ಸಾಲು ಉದ್ದ ಇರುತ್ತದೆ, ತಡವಾದರೆ ನನ್ನ ಗತಿಯೂ ಆ ಗಂಡ ಹೆಂಡಿರ ಗತಿಯೇ. ಗಂಟೆಯ ವಿಷಯದಲ್ಲಿ ನಿನಗೆ ಈ ಸಲ ತಲೆನೋವು ಕೊಡುವುದಿಲ್ಲ.

ನೀಲಿ ಸ್ವೆಟರ್ ಹಾಕಿರುತ್ತೇನೆ. ಗುರುತು ಸಿಗುತ್ತದೆ ಎಂದು ಗೊತ್ತು, ಆದರೂ ಹೇಳಿದೆ. ಎರಡು ವರ್ಷದಲ್ಲಿ ಕೂದಲು ನನ್ನ ಮಾತು ಕೇಳದೆ ಬೆಳ್ಳಗಾಗಿದೆ.

ನಿನಗೆ ಬರಲು ಮನಸ್ಸಾಗದಿದ್ದರೆ ಬಲವಂತವಿಲ್ಲ. ಅದೂ ಒಂದು ಉತ್ತರವೇ ಎಂದು ತಿಳಿದುಕೊಂಡು ಸಹಿ ಹಾಕಿಬಿಡುತ್ತೇನೆ. ನಿನ್ನನ್ನು ಅಡಕತ್ತರಿಯಲ್ಲಿ ಇಡುವ ಆಸೆ ನನಗಿಲ್ಲ.

ನಿನ್ನ
ಅಮ್ಮ


ಹಡಗಿನಿಂದ
ಮೇ 17, ಸಂಜೆ

ಗುಬ್ಬಿ,

ಹಡಗು ಆಗಲೇ ಹೊರಟಿದೆ. ನಿಮ್ಮ ಊರು ಇನ್ನೂ ಕಾಣುತ್ತಿದೆಯಂತೆ. ನಾನಿರುವ ಕೆಳಗಿನ ಅಂತಸ್ತಿನಲ್ಲಿ ಕಿಟಕಿ ಇಲ್ಲ.

ಬೆಂಚಿನ ಮೇಲೆ ಕೂತಿದ್ದೆ. ನನ್ನ ಫೋನು ದಡದಲ್ಲಿ ನಡೆಯಲಿಲ್ಲ. ನಿನ್ನ ನಂಬರು ಬಾಯಿಪಾಠ ಇತ್ತು, ಕಾವಲುಗಾರನ ಫೋನಿನಿಂದ ಎರಡು ಸಲ ಮಾಡಿಸಿದೆ. ಎರಡು ಸಲವೂ ನೀನು ಕತ್ತರಿಸಿದೆ. ಆಮೇಲೆ ಮಾಡಿಸಲಿಲ್ಲ. ಫೋನ್ ಬೇಡ ಎಂದು ನೀನು ಹೇಳಿದ್ದನ್ನು ಮೀರಿದ್ದು ನಾನೇ.

ಯಾರನ್ನೂ ದೂರುತ್ತಿಲ್ಲ. ಅರ್ಥವಾಯಿತು. ಮೇಲೆ ಬಂದು, ಕೋಣೆಗಳ ಕೆಲಸ ಮುಗಿಸಿ, ಕಚೇರಿಗೆ ಹೋಗಿ ಒಂಬತ್ತು ತಿಂಗಳಿಗೆ ಸಹಿ ಹಾಕಿದೆ. ಗುಮಾಸ್ತ "ಖುಷಿ ತಾನೇ?" ಎಂದು ಕೇಳಿದ. "ಖುಷಿ" ಎಂದೆ. ಅವನಿಗೆ ಬೇಕಾಗಿದ್ದದ್ದು ಅಷ್ಟೆ.

ಗುಂಡನ ಸ್ವೆಟರನ್ನು ಕಾವಲುಗಾರನ ಕೈಗೆ ಕೊಟ್ಟು ಬರೋಣ ಎನಿಸಿತು. ಯಾರೂ ಬಂದು ಕೇಳದಿದ್ದರೆ ಅವನಿಗೆ ಪೇಚಾಟ ಎಂದು ವಾಪಸ್ಸು ತಂದೆ.

ದೊಡ್ಡಮ್ಮನಿಗೆ ಆ ಕೋಣೆಯಲ್ಲಿ ಬೇರೆ ಏನಾದರೂ ಇಟ್ಟುಕೊಳ್ಳಲು ಹೇಳು.

ಅಮ್ಮ


ಮನೆಯಿಂದ
ಮೇ 17

ಅಮ್ಮ,

ನಾನು ಬಂದಿದ್ದೆ. ಬೇರೇನೂ ಓದದಿದ್ದರೂ ಈ ಒಂದು ಸಾಲು ಓದು. ನಾನು ಬಂದಿದ್ದೆ.

ಹನ್ನೆರಡರಿಂದ ಒಂದು ಎಂದು ನೀನು ಬರೆದದ್ದನ್ನು ಹಡಗಿನ ಗಂಟೆ ಎಂದುಕೊಂಡೆ. ನೀನೇ ಬರೆದಿದ್ದೆಯಲ್ಲ, ಹಡಗಿನಲ್ಲಿರುವವರು ಮಾತಾಡುವುದೇ ಹಡಗಿನ ಗಂಟೆಯಲ್ಲಿ, ನಾವು ನಿಮಗಿಂತ ಒಂದು ಗಂಟೆ ಹಿಂದೆ ಎಂದು. ಏಳನೇ ವಯಸ್ಸಿನಿಂದ ಮಾಡಿಕೊಂಡು ಬಂದ ಲೆಕ್ಕ, ಕೈ ತಾನಾಗಿ ಒಂದು ಕೂಡಿಸಿತು. ಅಂದರೆ ನಮ್ಮ ಗಡಿಯಾರದಲ್ಲಿ ಒಂದರಿಂದ ಎರಡು. ತಡವಾಗಬಾರದು ಎಂದು ಹತ್ತು ನಿಮಿಷ ಮುಂಚೆಯೇ ಗೇಟಿನಲ್ಲಿದ್ದೆ.

ಬೆಂಚು ಖಾಲಿ ಇತ್ತು. ಒಳ್ಳೆಯದಾಯಿತು, ನಾನೇ ಮೊದಲು ಬಂದೆ ಎಂದುಕೊಂಡು ಗುಂಡನ ಮುಖ ತೊಳೆಸಿ, ತಲೆ ಬಾಚಿದೆ. ಬಸ್ಸಿನಲ್ಲಿ ಬರುವಾಗ ಯಾವುದೋ ಗೊತ್ತಿಲ್ಲದ ನಂಬರಿನಿಂದ ಎರಡು ಸಲ ಫೋನ್ ಬಂದಿತ್ತು. ದಿನಾ ಬರುವ ಜಾಹೀರಾತಿನವರ ಕಾಟ ಎಂದು ಕತ್ತರಿಸಿದ್ದೆ, ಗುಂಡ ಬೇರೆ ರಚ್ಚೆ ಹಿಡಿದಿದ್ದ. ಬೆಂಚಿನ ಮೇಲೆ ಕೂತಾಗ ಯಾಕೋ ಅನುಮಾನ ಬಂತು, ಆ ನಂಬರಿಗೆ ತಿರುಗಿ ಮಾಡಿದೆ. ಪಕ್ಕದ ಗೂಡಿನೊಳಗೆ ಫೋನು ಹೊಡೆದುಕೊಂಡಿತು.

ಕಾವಲುಗಾರ ಎತ್ತಿ "ಹಲೋ" ಎಂದ. ನನ್ನ ಕಿವಿಯಲ್ಲೂ ಹಲೋ, ಎದುರಿಗೂ ಹಲೋ. ಅವನು ಕಿಟಕಿಯಿಂದ ನನ್ನನ್ನು ನೋಡಿದ, ಗುಂಡನನ್ನು ನೋಡಿದ, ಫೋನು ಕೆಳಗಿಟ್ಟ. "ನೀಲಿ ಸ್ವೆಟರ್ ಹಾಕ್ಕೊಂಡಿದ್ರಲ್ಲ, ಅವರ ಮಗಳಾ ನೀವು? ಹನ್ನೆರಡಕ್ಕೇ ಬಂದು ಕೂತಿದ್ರಮ್ಮ. ಈಗಷ್ಟೇ ಒಳಗೆ ಹೋದ್ರು. ಸಾಲು ಉದ್ದ ಇರುತ್ತೆ ಅಂತ ಎದ್ದು ಹೋದ್ರು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ. ನಾನು ಅವನ ಮೇಲೆ ಕೂಗಾಡಿದೆ, ಪಾಪ. ಅವನು ಹಡಗಿಗೆ ಫೋನ್ ಮಾಡಿಸಿದ. ಕೆಲಸದ ಹೊತ್ತಿನಲ್ಲಿ ಸಿಬ್ಬಂದಿಯನ್ನು ಕರೆಯುವ ಹಾಗಿಲ್ಲ ಎಂದರಂತೆ. ನಾನು ಒಳಗೆ ಬಿಡಿ ಎಂದು ಗೋಗರೆದೆ. "ನನ್ನ ಕೆಲಸ ಹೋಗುತ್ತಮ್ಮ" ಎಂದ. ಅವನಿಗೂ ಎಲ್ಲೋ ಒಂದು ಮನೆ ಇರುತ್ತದೆ, ಗೇಟು ಬಿಟ್ಟು ಬೇಲಿಯ ಕಡೆ ನಡೆದೆ.

ಆಮೇಲೆ ಹೊಳೆಯಿತು. ನೀನು ಬರೆದದ್ದು ನಮ್ಮ ಗಂಟೆ. ಜೀವಮಾನದಲ್ಲಿ ಮೊದಲ ಸಲ ನೀನೇ ಲೆಕ್ಕ ಹಾಕಿ, ನನ್ನ ಗಂಟೆಗೆ ಬದಲಿಸಿ ಬರೆದಿದ್ದೆ. ತಲೆನೋವು ಕೊಡುವುದಿಲ್ಲ ಎಂದದ್ದು ಅದಕ್ಕೇ. ನೀನು ಲೆಕ್ಕ ಹಾಕಿರಬಹುದು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ನಿನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲ. ಒಂದು ಮಾತು, "ಇದು ನಿಮ್ಮ ಊರಿನ ಗಂಟೆ" ಎಂದು ಒಂದೇ ಒಂದು ಮಾತು ಬರೆಯಲು ನಿನಗೇನಾಗಿತ್ತು? ಬೇಲಿ ಹಿಡಿದುಕೊಂಡು ಅತ್ತುಬಿಟ್ಟೆ. ಸಿಟ್ಟಿಗೋ ದುಃಖಕ್ಕೋ ಕೇಳಬೇಡ.

ಬೇಲಿಯ ಆಚೆ ಹಡಗು ಕಾಣುತ್ತಿತ್ತು. ಅಷ್ಟು ಎತ್ತರದ್ದು ಎಂದು ನನಗೆ ಗೊತ್ತಿರಲಿಲ್ಲ. ಮೇಲೆ ಯಾರು ಯಾರೋ ನಿಂತಿದ್ದರು, ಸಾಲು ಸಾಲು ಕಿಟಕಿ. ಯಾವುದರಲ್ಲಿ ನೀನಿದ್ದೀಯೋ ಗೊತ್ತಾಗದೆ ಗುಂಡನ ಕೈ ಹಿಡಿದು ಇಡೀ ಹಡಗಿಗೆ ಟಾಟಾ ಮಾಡಿಸಿದೆ. ಯಾರೋ ಅಪರಿಚಿತರು ತಿರುಗಿ ಕೈ ಬೀಸಿದರು. ಗುಂಡನಿಗೆ ಅಷ್ಟೇ ಸಾಕಾಯಿತು.

ಸಹಿ ಹಾಕಬೇಡ. ಈ ಕಾಗದ ಸಿಗುವಷ್ಟರಲ್ಲಿ ಹಾಕಿರುತ್ತೀಯ ಎಂದು ಗೊತ್ತು.

ಗುಬ್ಬಿ


ಮನೆಯಿಂದ
ಜೂನ್ 6

ಅಮ್ಮ,

ಮೇ ಹದಿನೇಳರ ನಿನ್ನ ಕಾಗದ ಬಂತು. ನನ್ನದು ನಿನಗೆ ಸಿಕ್ಕಿದೆಯೋ ಇಲ್ಲವೋ. ಅರ್ಥವಾಯಿತು ಎಂದು ಬರೆದಿದ್ದೀಯ. ಮೂರು ಸಲ ಓದಿದೆ. ದೊಡ್ಡಮ್ಮ "ತಪ್ಪು ತಿಳ್ಕೊಂಡಿದಾಳೆ, ತಕ್ಷಣ ಬರಿ, ತಪ್ಪು ತಿಳ್ಕೊಂಡಿದಾಳೆ" ಎಂದು ಬಡಬಡಿಸುತ್ತಿದ್ದಾಳೆ.

ನೀನು ತಪ್ಪು ತಿಳಿದಿಲ್ಲ. ಅದನ್ನು ಅವಳಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಆವತ್ತು ನಾವು ಸಿಕ್ಕಿದ್ದರೆ ನಾನು ಬೇಡ ಎನ್ನುತ್ತಿದ್ದೆ.

ಎರಡು ಬಸ್ಸಿನಲ್ಲೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಜಾಗ ಇಲ್ಲ ಎಂದಲ್ಲ, ಜಾಗ ಇದೆ. ನೀನು ರಜೆಗೆ ಬರುತ್ತಿದ್ದ ದಿನಗಳು ನೆನಪಿವೆಯಾ? ಬಂದ ಹೊಸದರಲ್ಲಿ ಹಗಲೆಲ್ಲ ಮಲಗುತ್ತಿದ್ದೆ. ನಾನು ಶಾಲೆಯಿಂದ ಬಂದು ನಿನ್ನ ಮಂಚದ ಪಕ್ಕ ಕೂತು ಕಾಯುತ್ತಿದ್ದೆ. ನಿನ್ನ ನಿದ್ದೆ ನಮ್ಮ ಗಂಟೆಗೆ ಹೊಂದಿಕೊಂಡು, ನಾನು ನಿನ್ನ ಮೈ ವಾಸನೆಗೆ ಹೊಂದಿಕೊಂಡು, ಇನ್ನೇನು ಎನ್ನುವಷ್ಟರಲ್ಲಿ ನಿನ್ನ ಪೆಟ್ಟಿಗೆ ಬಾಗಿಲಲ್ಲಿ ಇರುತ್ತಿತ್ತು. ಪ್ರತಿ ಸಲವೂ ಹಾಗೇ. ಗುಂಡನಿಗೆ ಒಬ್ಬ ಅಜ್ಜಿಯನ್ನು ಅಭ್ಯಾಸ ಮಾಡಿಸಿ, ನಿನಗೆ ಮತ್ತೆ ಸಮುದ್ರ ನೆನಪಾದ ದಿನ ಅವನನ್ನು ಸಮಾಧಾನ ಮಾಡುವ ಶಕ್ತಿ ನನಗಿಲ್ಲ. ಇದನ್ನೇ ಹೇಳಲು ಬಂದಿದ್ದೆ. ಗುಂಡನ ತಲೆ ಬಾಚಿದ್ದು ಅದಕ್ಕೇ, ನಾವು ಚೆನ್ನಾಗಿಯೇ ಇದ್ದೇವೆ ಎಂದು ತೋರಿಸಲು.

ಆದರೆ ಆ ಗೂಡಿನಲ್ಲಿ ಫೋನು ಹೊಡೆದುಕೊಂಡಾಗ ಆ ಬಾಯಿಪಾಠ ಒಂದಕ್ಷರವೂ ನೆನಪಿಗೆ ಬರಲಿಲ್ಲ. ನಿನ್ನನ್ನು ಹಿಡಿಯಬೇಕು ಎನ್ನುವುದೊಂದೇ ಇತ್ತು. ಬೇಡ ಎನ್ನಲು ಬಂದವಳು ಬೇಲಿ ಹಿಡಿದು ಯಾಕೆ ಅಳುತ್ತಾಳೆ ಹೇಳು.

ಬಾ ಅಮ್ಮ. ಸಹಿ ಹಾಕಿದ್ದರೆ ಒಂಬತ್ತು ತಿಂಗಳಾದ ಮೇಲೆ ಬಾ. ಬಂದ ಮೇಲೆ ಮಾತ್ರ ಹೋಗಬೇಡ. ಇದಕ್ಕೆ ಒಪ್ಪಿಗೆ ಇದ್ದರೆ ಬಾ, ಇಲ್ಲದಿದ್ದರೆ ಈಗಲೇ ಹೇಳು, ನಾನು ತಡೆದುಕೊಳ್ಳುತ್ತೇನೆ.

ಗುಬ್ಬಿ


ಹಡಗಿನಿಂದ
ಜುಲೈ 21

ಗುಬ್ಬಿ,

ನಿನ್ನ ಎರಡು ಕಾಗದಗಳೂ ಒಂದೇ ದಿನ, ಒಂದೇ ಚೀಲದಲ್ಲಿ ಬಂದವು. ತಾರೀಖು ನೋಡದೆ ಎರಡನೆಯದನ್ನೇ ಮೊದಲು ಒಡೆದೆ. ಹಾಗಾಗಿ ನೀನು ಬೇಡ ಎನ್ನಲು ಬಂದಿದ್ದೆ ಎಂಬುದು ಮೊದಲು ತಿಳಿಯಿತು, ಬಂದು ಎಷ್ಟು ಒದ್ದಾಡಿದೆ ಎಂಬುದು ಆಮೇಲೆ.

ನೋವಾಯಿತಾ ಎಂದರೆ ಆಯಿತು. ಆದರೆ ಎರಡು ತಿಂಗಳಿಂದ ನಾನು ಹೊತ್ತುಕೊಂಡಿದ್ದದ್ದು ಬೇರೆ ನೋವು. ಮಗಳು ಬರಲೂ ಇಲ್ಲ ಎಂಬ ನೋವು. ಅದರ ಮುಂದೆ ಇದು ಹಗುರ. ಬೈಯಲು ಬಂದಿದ್ದರೂ ಬಂದಿದ್ದೆಯಲ್ಲ. ನೀನು ಮಂಚದ ಪಕ್ಕ ಕೂತು ಕಾಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಎದ್ದಾಗ ನೀನು ಯಾವಾಗಲೂ ಬಾಗಿಲ ಆಚೆ ಆಡುತ್ತಿರುತ್ತಿದ್ದೆ.

ಕಾಗದ ಓದಿದ ದಿನವೇ ಕಚೇರಿಗೆ ಹೋಗಿ ಕೇಳಿದೆ. ಗುಮಾಸ್ತ "ಖುಷಿ ಅಂದಿದ್ರಲ್ಲ?" ಎಂದ. ಮಂಡಿಯ ನೋವು, ಸೊಂಟದ ನೋವು ಎಂದು ವೈದ್ಯರ ಹತ್ತಿರ ಓಡಾಡಿದೆ. ಸುಳ್ಳೇನಲ್ಲ, ಇಷ್ಟು ದಿನ ಹೇಳಿಕೊಂಡಿರಲಿಲ್ಲ ಅಷ್ಟೆ. ಕಡೆಗೆ ನನ್ನ ಕೋಣೆಗಳಿಗೆ ಇನ್ನೊಬ್ಬರು ಸಿಕ್ಕಿ, ಕೆಲಸ ಕಲಿತರೆ ಬಿಡುತ್ತೇವೆ ಎಂದರು. ಹೋದ ವಾರ ಒಬ್ಬಳು ಬಂದಿದ್ದಾಳೆ. ಆಗಸ್ಟ್ ಕೊನೆಗೆ ಇಳಿಯುತ್ತೇನೆ. ಮತ್ತೆ ಹತ್ತುವುದಿಲ್ಲ. ಗುಂಡನಿಗೆ ಮಾತ್ರ ಅಭ್ಯಾಸವಾಗುತ್ತದೆ ಎಂದುಕೊಳ್ಳಬೇಡ, ನನಗೂ ಆಗುತ್ತದೆ, ಅದೇ ನನಗೂ ಇದ್ದ ಹೆದರಿಕೆ.

ಹೊಸಬಳಿಗೆ ಕೆಲಸ ಕಲಿಸುತ್ತಿದ್ದೇನೆ. ಹಾಸಿಗೆಯ ಮೂಲೆ ಮಡಿಸುವುದು, ಸ್ನಾನದ ಕೋಣೆಯನ್ನು ಯಾವ ಕಡೆಯಿಂದ ತೊಳೆಯುತ್ತಾ ಬರಬೇಕು, ದಿಂಬಿನ ಮೇಲೆ ಯಾವ ದಿನ ಯಾವ ಚೀಟಿ. ಚುರುಕಾಗಿದ್ದಾಳೆ. ನಿನಗಿಂತ ಚಿಕ್ಕವಳೇ ಇರಬೇಕು. ಮೂರನೇ ದಿನ ಹಾಸಿಗೆ ಹಾಸುತ್ತಾ ಹೇಳಿದಳು, ಊರಲ್ಲಿ ಅಕ್ಕನ ಹತ್ತಿರ ಮಗಳನ್ನು ಬಿಟ್ಟು ಬಂದಿದ್ದಾಳಂತೆ, ಮಗುವಿಗೆ ಈಗಷ್ಟೇ ಮಾತು ಬರುತ್ತಿದೆಯಂತೆ. "ಒಂದೇ ಒಂದು ಅವಧಿ, ಆಮೇಲೆ ಹೋಗ್ಬಿಡ್ತೀನಿ" ಎಂದಳು. ಆಮೇಲೆ ಚಾದರದ ತುದಿ ಹಿಡಿದುಕೊಂಡೇ ಕೇಳಿದಳು, "ಮಕ್ಕಳು ಮರೆಯಲ್ಲ ಅಲ್ವಾ ಅಮ್ಮ?"

"ಇಲ್ಲಮ್ಮ, ಮಕ್ಕಳು ಏನನ್ನೂ ಮರೆಯಲ್ಲ" ಎಂದೆ. ಅವಳಿಗೆ ಸಮಾಧಾನವಾಯಿತು, ನಕ್ಕಳು.

ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೇಳಿದ್ದರೆ ಅವಳು ಮುಂದಿನ ಬಂದರಿನಲ್ಲೇ ಇಳಿದುಹೋಗುತ್ತಿದ್ದಳು, ನಾನು ಇಲ್ಲೇ ಉಳಿಯಬೇಕಾಗುತ್ತಿತ್ತು. ಚಾದರದ ಇನ್ನೊಂದು ತುದಿ ಎಳೆದು ಸಿಕ್ಕಿಸಿ, ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದೆ.

ಬರುತ್ತಿದ್ದೇನೆ.

ನಿನ್ನ
ಅಮ್ಮ